ಅಯ್ಯನಕೆರೆಗೊಂದು ಜ್ವಾಲಾಮುಖಿ ಬೇಕಾಗಿದೆ

ಚಿಕ್ಕಮಗಳೂರು ಜಿಲ್ಲೆ ಸಖರಾಯಪಟ್ಟಣದ ಅಯ್ಯನಕೆರೆ ಏರಿ ಮೇಲೆ ನಿಂತು ಮೊಬೈಲ್ ಎತ್ತಿದರೆ ಶಕುನಗಿರಿ ಚೂಪಾಗಿ ಕಾಣುತ್ತದೆ. ಚೂಪು ಗುಡ್ಡ, ಬುಡದಲ್ಲಿ ನೀರು. ರೀಲ್ಸ್ ಮಾಡುವವರಿಗೆ ಇಷ್ಟು ಸಾಕು, ‘ಗುಪ್ತ ಜ್ವಾಲಾಮುಖಿ ಸರೋವರ’ ಸಿದ್ಧ. ಕೆರೆ ಅಂದರೆ ಎಮ್ಮೆ ಮೈ ತೊಳೆಯುವ ಜಾಗ. ಸರೋವರ ಅಂದರೆ ರೂಮ್ ಬಾಡಿಗೆ ದುಪ್ಪಟ್ಟು.

ಪೂರ್ತಿ ಸುಳ್ಳು ಅನ್ನುವ ಹಾಗೂ ಇಲ್ಲ. ಬಾಬಾಬುಡನ್‌ಗಿರಿ ಸಾಲಿನ ಬಂಡೆಗಳಲ್ಲಿ ಹಳೇ ಲಾವಾ ಇದ್ದೇ ಇದೆ. ಅದು ಆರಿ 250 ಕೋಟಿ ವರ್ಷ ದಾಟಿದೆ, ಅಷ್ಟೆ. ಕೆರೆ ಮಾತ್ರ ಜನ ಮಣ್ಣು ಹೊತ್ತು ಏರಿ ಹಾಕಿ, ತೂಬು ಇಟ್ಟು, ಗದ್ದೆ ತೋಟಕ್ಕೆ ನೀರು ಹಾಯಿಸಲು ಕಟ್ಟಿಕೊಂಡದ್ದು.

ಆದರೂ ಬೇಕೇ ಬೇಕು ಅನ್ನುವವರು ಅಸಲಿ ಮಾಲು ಹೇಗಿರುತ್ತದೆ ಅಂತ ತಿಳಿದಿರಲಿ. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಕೆಲಿಮುಟು ಜ್ವಾಲಾಮುಖಿ, ಎತ್ತರ 1,639 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ. ಆದರೆ ನೆತ್ತಿಯ ಮೇಲೆ ಮೂರು ಕೆರೆ, ಮೂರಕ್ಕೂ ಬೇರೆ ಬಣ್ಣ, ಆ ಬಣ್ಣವೂ ನಿಂತಲ್ಲಿ ನಿಲ್ಲುವುದಿಲ್ಲ. ತಳದಿಂದ ನುಗ್ಗುವ ಅನಿಲ ಒಂದೊಂದಕ್ಕೆ ಒಂದೊಂದು ಪ್ರಮಾಣದಲ್ಲಿರುತ್ತದೆ. ಅದು ಹೆಚ್ಚುಕಮ್ಮಿಯಾದಂತೆ ನೀರಲ್ಲಿ ಕರಗಿದ ಕಬ್ಬಿಣ, ಗಂಧಕದ ಸ್ಥಿತಿ ಬದಲಾಗಿ ಒಂದು ಹಸಿರಾದರೆ ಪಕ್ಕದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನಮ್ಮಲ್ಲಿ ಇಷ್ಟು ಕಷ್ಟವಿಲ್ಲ. ಚರಂಡಿ ತಿರುಗಿಸಿಬಿಟ್ಟರೆ ಯಾವ ಕೆರೆಯಾದರೂ ಹಸಿರೇ.

ನೋಡುವವರು ಮೋನಿ ಎಂಬ ಹಳ್ಳಿಯಲ್ಲಿ ಮಲಗಿ, ಬೆಳಗಿನ ಜಾವ ನಾಲ್ಕಕ್ಕೆ ಬಾಡಿಗೆ ಬೈಕಿನ ಹಿಂದೆ ಕೂತು ಹೊರಡಬೇಕು. ಗಾಡಿ ನಿಲ್ಲುವಲ್ಲಿಂದ ಅರ್ಧ ಗಂಟೆ ನಡಿಗೆ, ಕೊನೆಗೆ ಮೆಟ್ಟಿಲು. ಸ್ವೆಟರ್, ಟಾರ್ಚ್, ಚಿಲ್ಲರೆ ನೋಟು ಜೊತೆಗಿರಲಿ, ಮೇಲೆ ಊರಿನವರು ಬಿಸಿ ಕಾಫಿ ಮಾರುತ್ತಾರೆ. ತಡವಾಗಿ ಎದ್ದರೆ ಮಂಜು ಮುಚ್ಚಿ ಮೂರೂ ಕೆರೆ ಬಿಳಿ. ಕಂಬಿ ದಾಟುವಂತಿಲ್ಲ: ಅಂಚಿನ ಕಲ್ಲು ಸಡಿಲ, ಕೆಳಗೆ ಪೂರ್ವದ ಎರಡು ಕೆರೆಗಳ ನೀರು ಅಳೆದಾಗ ನಿಂಬೆರಸಕ್ಕಿಂತ ಹುಳಿ. ಪೆಡಲ್ ಬೋಟಿಗೆ ಟೆಂಡರ್ ಕರೆಯುವವರು ಇದನ್ನು ಷರತ್ತಿನಲ್ಲಿ ಸೇರಿಸುವುದು ಒಳ್ಳೆಯದು. ಗಂಧಕದ ವಾಸನೆ ನಮ್ಮಲ್ಲಿಲ್ಲವಲ್ಲ ಅಂತ ಕೊರಗಬೇಕಿಲ್ಲ. ಭಾನುವಾರ ಕೈಮರ ದಾಟಿ ಗಿರಿಯ ತಿರುವಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆಯದೆ ಅರ್ಧ ಕ್ಲಚ್ಚಿನಲ್ಲೇ ಕಾರು ನಿಲ್ಲಿಸಿಕೊಂಡವರ ಹಿಂದೆ ಹತ್ತು ನಿಮಿಷ ನಿಂತರೆ ಸಾಕು, ಕ್ಲಚ್ ಪ್ಲೇಟ್ ಆ ಕೊರತೆ ತುಂಬುತ್ತದೆ.

ಕೆಲಿಮುಟುವಿನ ಕೆರೆಗಳಿಗೆ ವಾರಸುದಾರರೂ ಇದ್ದಾರೆ. ಸುತ್ತಲಿನ ಲಿಯೊ ಜನರ ನಂಬಿಕೆಯಲ್ಲಿ ಸತ್ತವರು ಹೋಗಿ ಸೇರುವುದು ಅಲ್ಲಿಗೇ. ವಯಸ್ಸಾದವರು ‘ಅತಾ ಬುಪು’ ಕೆರೆಗೆ, ಹರೆಯದವರು ‘ನುವಾ ಮುರಿ’ಗೆ, ಮಾಟಮಂತ್ರದ ಕೆಟ್ಟವರು ‘ಅತಾ ಪೊಲೊ’ಗೆ. ಪ್ರತಿ ವರ್ಷ ಆಗಸ್ಟ್ 14ಕ್ಕೆ ಅನ್ನ, ಹಂದಿಮಾಂಸ, ಎಲೆ ಅಡಿಕೆ ಒಯ್ದು ಹಿರೀಕರಿಗೆ ಎಡೆ ಇಡುತ್ತಾರೆ, ನಮ್ಮ ಪಿತೃಪಕ್ಷದ ಹಾಗೆಯೇ. ಗಿರಿಯ ಮೇಲೆ ನಮ್ಮವರೂ ಎಡೆ ಇಡುತ್ತಾರೆ, ಅದೂ ವಾರವಾರ: ಬಿಯರ್ ಬಾಟಲಿ, ಚಿಪ್ಸ್ ಪೊಟ್ಟಣ, ಅರ್ಧ ತಿಂದ ಬಿರಿಯಾನಿ. ಯಾರ ಮನೆಯ ಹಿರೀಕರಿಗೋ ತಿಳಿಯದು.

ಇನ್ನು ತೂಬು. ಫೋಟೊದಲ್ಲಿ ತೂಬು ಕಂಡರೆ ಜ್ವಾಲಾಮುಖಿಯ ಗುಟ್ಟು ರಟ್ಟಾದೀತು ಅಂತ ಅಳುಕುವವರು ಧೈರ್ಯವಾಗಿರಿ. ಜ್ವಾಲಾಮುಖಿಗೂ ತೂಬು ಇಟ್ಟ ಉದಾಹರಣೆಯಿದೆ. ಜಾವಾದ ಕೆಲುಡ್ 1919ರಲ್ಲಿ ಬಾಯಲ್ಲಿದ್ದ ಕೆರೆಯನ್ನೇ ಉಗುಳಿತು. ಬಿಸಿ ಕೆಸರಿನಲ್ಲಿ 5,000ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಡಚ್ ಇಂಜಿನಿಯರುಗಳು ಗುಡ್ಡಕ್ಕೆ ಸುರಂಗ ಕೊರೆದು ನೀರು ಇಳಿಸಿದರು. 1951ರ ಸ್ಫೋಟದಲ್ಲಿ ಬಾಯಿ ಇನ್ನಷ್ಟು ಆಳವಾಗಿ ಸುರಂಗ ಮೇಲುಳಿಯಿತು, ನೀರು ಮತ್ತೆ ತುಂಬಿತು. 1966ರಲ್ಲಿ ಮತ್ತೆ 200ಕ್ಕೂ ಹೆಚ್ಚು ಸಾವು. ಆಮೇಲೆ ಇನ್ನೂ ಕೆಳಗೆ ಹೊಸ ಸುರಂಗ ತೆಗೆದರು.

ಹಾಗಾಗಿ ಅಯ್ಯನಕೆರೆಯಲ್ಲಿ ಸೆಲ್ಫಿ ತೆಗೆಯುವಾಗ ನೀರಗಂಟಿ ಬಂದು ‘ಸ್ವಲ್ಪ ಸರೀರಿ ಸ್ವಾಮಿ’ ಅಂದರೆ ಮುಖ ಸಿಂಡರಿಸಬೇಡಿ. ಜ್ವಾಲಾಮುಖಿಯ ತೂಬು ತೆಗೆಯಲು ಬಂದಿರುತ್ತಾನೆ, ಕೆಳಗೆ ಗದ್ದೆಯವರು ಕಾಯುತ್ತಿರುತ್ತಾರೆ.