ಕ್ಲಸ್ಟರ್‌ನ ಬೆಲೆಪಟ್ಟಿಯಲ್ಲಿ ಕಾಣದ ರಾಜಕೀಯ

ತಂತ್ರಜ್ಞಾನದ ಚರ್ಚೆಯೊಳಗೆ ರಾಜಕೀಯವನ್ನು ಎಳೆದು ತರಬೇಡಿ ಎಂದು ನನಗೆ ಬುದ್ಧಿ ಹೇಳುವ ಗೆಳೆಯರು ಹಲವರಿದ್ದಾರೆ. ಅವರ ಮಾತಿನ ಹಿಂದೆ ಸದುದ್ದೇಶವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹಳೆಯ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ ಕ್ಲಸ್ಟರ್ ಕಟ್ಟುವ ಹವ್ಯಾಸ ಹಚ್ಚಿಕೊಂಡಿರುವ ನಾನು ಬಿಡಿಭಾಗಗಳ ಬೆಲೆಯ ಬೆನ್ನು ಹತ್ತಿದಾಗಲೆಲ್ಲ ಹೋಗಿ ನಿಲ್ಲುವುದು ಯಾವುದೋ ಒಂದು ಸರ್ಕಾರದ ಇಲ್ಲವೇ ಬೆರಳೆಣಿಕೆಯ ಕಂಪನಿಗಳ ತೀರ್ಮಾನದ ಮುಂದೆ. ದೊಡ್ಡ ಲೆಕ್ಕವೊಂದನ್ನು ಸಾಮಾನ್ಯ ಮನುಷ್ಯ ತನ್ನ ಕೋಣೆಯಲ್ಲೇ ಕೂತು ಮಾಡಿ ಮುಗಿಸಬಹುದಾದ ಕಾಲವೊಂದು ಬಂದಿತ್ತು. ಅದನ್ನು ತಂದ ಸನ್ನಿವೇಶ ಈಗ ಒಂದೊಂದೇ ಎಳೆಯಾಗಿ ಬಿಚ್ಚಿಹೋಗುತ್ತಿದೆ ಎಂಬುದು ನನ್ನ ಆತಂಕ.

1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅವರು 486 ಪ್ರೊಸೆಸರ್‌ನ 16 ಸಾಮಾನ್ಯ ಕಂಪ್ಯೂಟರ್‌ಗಳನ್ನು 10 ಮೆಗಾಬಿಟ್ ವೇಗದ ಈಥರ್‌ನೆಟ್ ಜಾಲದಿಂದ ಜೋಡಿಸಿ ಅದಕ್ಕೆ ಬಿಯೋವುಲ್ಫ್ ಎಂದು ಹೆಸರಿಟ್ಟರು. ಒಂದು ತಂತಿಯ ವೇಗ ಸಾಲದ್ದರಿಂದ ಪ್ರತಿಯೊಂದು ಯಂತ್ರಕ್ಕೂ ಒಂದಕ್ಕಿಂತ ಹೆಚ್ಚು ತಂತಿ ಕೊಟ್ಟು, ಮಾಹಿತಿಯನ್ನು ಅವುಗಳ ನಡುವೆ ಹಂಚಿ ಕಳುಹಿಸುವ ವ್ಯವಸ್ಥೆಯನ್ನು ಅವರು ಮಾಡಬೇಕಾಯಿತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಮೂಲ ಕೋಡ್ ಎಲ್ಲರ ಕೈಗೂ ಸಿಗುವಂತಿದ್ದುದರಿಂದಲೇ ಅದು ನಡೆಯಿತು. ಈಥರ್‌ನೆಟ್ ಕಾರ್ಡ್‌ಗಳ ಡ್ರೈವರ್‌ಗಳನ್ನು, ಅಂದರೆ ಆ ಕಾರ್ಡ್‌ಗಳನ್ನು ನಡೆಸುವ ತಂತ್ರಾಂಶವನ್ನು, ಸ್ವತಃ ಬೆಕರ್ ಅವರೇ ಬರೆಯುತ್ತಿದ್ದರು. ಯಂತ್ರಗಳು ಪರಸ್ಪರ ಸಂದೇಶ ಕಳುಹಿಸುವ ರೀತಿಯನ್ನು ಗೊತ್ತುಮಾಡಿದ ಎಂಪಿಐ ಎಂಬ ಮಾನಕದ ಮೊದಲ ಆವೃತ್ತಿಯೂ ಅದೇ ವರ್ಷ ಹೊರಬಂತು. ಮೂರು ವರ್ಷಗಳ ನಂತರ, ತಲಾ 16 ಪೆಂಟಿಯಂ ಪ್ರೊ ಪ್ರೊಸೆಸರ್‌ಗಳಿದ್ದ ಲೋಕಿ ಮತ್ತು ಹಿಗ್ಲ್ಯಾಕ್ ಎಂಬ ಎರಡು ಕ್ಲಸ್ಟರ್‌ಗಳ ಮೇಲೆ ಮಾಡಿದ ಕೆಲಸಕ್ಕೆ, ಬೆಲೆಗೆ ತಕ್ಕ ವೇಗದ ವಿಭಾಗದಲ್ಲಿ ಸೂಪರ್‌ಕಂಪ್ಯೂಟಿಂಗ್ ಕ್ಷೇತ್ರದ ಗಾರ್ಡನ್ ಬೆಲ್ ಪ್ರಶಸ್ತಿ ಸಿಕ್ಕಿತು.

ಅದೇ ಕಾಲಕ್ಕೆ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ನಿಂತ ಆಸ್ಕಿ ರೆಡ್ ಎಂಬ ದೈತ್ಯ ಯಂತ್ರದೊಳಗೂ ಇದ್ದದ್ದು ಅದೇ ಪೆಂಟಿಯಂ ಪ್ರೊ. ಒಂದು ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕಗಳ ವೇಗವನ್ನು ಮೊದಲು ದಾಟಿದ ಕಂಪ್ಯೂಟರ್ ಅದು. ಅಣುಬಾಂಬ್ ಪರೀಕ್ಷೆಗಳನ್ನು 1992ರಲ್ಲಿ ನಿಲ್ಲಿಸಿದ ಮೇಲೆ, ಹಳೆಯ ಬಾಂಬುಗಳು ಇನ್ನೂ ಸರಿಯಾಗಿವೆಯೇ ಎಂಬುದನ್ನು ಗಣಕದೊಳಗೇ ಪರೀಕ್ಷಿಸಬೇಕಾದ ಅಗತ್ಯ ಅಮೆರಿಕಕ್ಕೆ ಬಂದಿತ್ತು. ಆ ಅಗತ್ಯದ ಫಲವಾಗಿ ಹುಟ್ಟಿದ ಯಂತ್ರಕ್ಕೂ, ವಿಜ್ಞಾನಿಗಳು ಮಿತವ್ಯಯದಲ್ಲಿ ಕಟ್ಟಿದ ಲೋಕಿಗೂ, ಕಚೇರಿಯಲ್ಲಿ ಪತ್ರ ಟೈಪು ಮಾಡುವ ಮೇಜಿನ ಕಂಪ್ಯೂಟರಿಗೂ ಒಂದೇ ಚಿಪ್! ಅದರ ಸಂಶೋಧನೆಯ ಖರ್ಚನ್ನು ಮಾರುಕಟ್ಟೆಯಲ್ಲಿ ಕಂಪ್ಯೂಟರ್ ಕೊಂಡ ಕೋಟ್ಯಂತರ ಜನ ಹಂಚಿಕೊಂಡಿದ್ದರಿಂದ, ಬಾಂಬಿನ ಲೆಕ್ಕ ಮಾಡುವವನಿಗೂ ನಕ್ಷತ್ರಗಳ ಲೆಕ್ಕ ಮಾಡುವವನಿಗೂ ಅದು ಅಗ್ಗಕ್ಕೆ ಸಿಕ್ಕಿತು. ಇಂದು ಕಳಚಿಕೊಳ್ಳುತ್ತಿರುವುದು ಇದೇ ಕೊಂಡಿ.

ಕ್ಲಸ್ಟರ್‌ನ ಖರ್ಚೆಂದರೆ ಪ್ರೊಸೆಸರ್‌ಗಳ ಖರ್ಚು ಎಂದು ಹೊಸಬರು ತಿಳಿಯುವುದು ಸಹಜ. ಹಳೆಯ ಕಚೇರಿ ಕಂಪ್ಯೂಟರ್‌ಗಳನ್ನು ಸಾಮಾನ್ಯ ಗಿಗಾಬಿಟ್ ಸ್ವಿಚ್‌ಗೆ ಸಿಕ್ಕಿಸಿ ಲಿನ್‌ಪ್ಯಾಕ್ ಎಂಬ ವೇಗ ಅಳೆಯುವ ಪ್ರೋಗ್ರಾಂ ಓಡಿಸಿದರೆ ವಿಷಯ ಬೇಗ ಮನದಟ್ಟಾಗುತ್ತದೆ. ಎರಡು ಯಂತ್ರಗಳಾಗುವವರೆಗೆ ವೇಗ ಹೆಚ್ಚುಕಡಿಮೆ ನಿರೀಕ್ಷೆಯಂತೆಯೇ ಏರುತ್ತದೆ. ನೋಡ್‌ಗಳ, ಅಂದರೆ ಜೋಡಿಸಿದ ಯಂತ್ರಗಳ, ಸಂಖ್ಯೆ ಹೆಚ್ಚುತ್ತ ಹೋದಂತೆ ಹೊಸ ನೋಡ್‌ನಿಂದ ಸಿಗುವ ಲಾಭ ಕುಗ್ಗುತ್ತದೆ. ಆಗ ಪ್ರತಿ ನೋಡ್‌ನಲ್ಲೂ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್ ಕೊಟ್ಟು ನೋಡಿದರೆ ಎಲ್ಲ ಕೋರ್‌ಗಳೂ ನೂರಕ್ಕೆ ನೂರು ದುಡಿಯುತ್ತಿರುವಂತೆ ಕಾಣುತ್ತವೆ, ಫ್ಯಾನುಗಳು ಜೋರಾಗಿ ಸುತ್ತುತ್ತಿರುತ್ತವೆ, ಕೆಲಸ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಪಕ್ಕದ ನೋಡ್‌ನಿಂದ ಬರಬೇಕಾದ ಸಂದೇಶಕ್ಕಾಗಿ ಕಾಯುವಾಗ ಎಂಪಿಐ ಸಾಮಾನ್ಯವಾಗಿ ನಿದ್ದೆಗೆ ಜಾರುವುದಿಲ್ಲ; ಬಂತೇ, ಬಂತೇ ಎಂದು ಕ್ಷಣಕ್ಷಣಕ್ಕೂ ಕೇಳುತ್ತ ಪ್ರೊಸೆಸರನ್ನು ತಿರುಗಿಸುತ್ತಲೇ ಇರುತ್ತದೆ. ಬರೀ ಕಾಯುವುದಕ್ಕೆ ಪೂರ್ತಿ ವಿದ್ಯುತ್ ಸುಡುವ ಇಂಥ ವ್ಯವಸ್ಥೆಯನ್ನು ನೋಡಿದಾಗ ಕೆಲವು ಕಚೇರಿಗಳ ನೆನಪಾಗುವುದುಂಟು, ಅದಿರಲಿ.

ಕಾಯುವ ಈ ಹೊತ್ತನ್ನು ತಗ್ಗಿಸಬೇಕೆಂದರೆ ಇನ್ಫಿನಿಬ್ಯಾಂಡ್‌ನಂಥ ಶೀಘ್ರ ಜಾಲ ಬೇಕು. ಕಾರ್ಡು, ಸ್ವಿಚ್ಚು, ತಂತಿಗಳೆಲ್ಲ ಸೇರಿದಾಗ ಜಾಲದ ಬೆಲೆಯ ಮುಂದೆ ಹಳೆಯ ಯಂತ್ರಗಳ ಬೆಲೆ ನಗಣ್ಯವಾಗಿಬಿಡುತ್ತದೆ. ಇನ್ಫಿನಿಬ್ಯಾಂಡ್ ಕ್ಷೇತ್ರದಲ್ಲಿ ಅಗ್ರಸ್ಥಾನದಲ್ಲಿದ್ದ ಮೆಲನಾಕ್ಸ್ ಕಂಪನಿಯನ್ನು ಚಿಪ್ ಕಂಪನಿ ಎನ್‌ವಿಡಿಯಾ 2020ರಲ್ಲಿ ಸುಮಾರು 700 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಗಣನೆಯ ಚಿಪ್‌ ಮಾರುವವನ ಕೈಯಲ್ಲೇ ಆ ಚಿಪ್‌ಗಳನ್ನು ಜೋಡಿಸುವ ಜಾಲವೂ ಇದ್ದರೆ ಕೊಳ್ಳುವವನ ಚೌಕಾಸಿಗೆ ಎಷ್ಟು ಜಾಗ ಉಳಿದೀತು? ಈ ವ್ಯವಹಾರಕ್ಕೆ ಹಲವು ದೇಶಗಳ ಸ್ಪರ್ಧಾ ನಿಯಂತ್ರಕರು ಒಪ್ಪಿಗೆಯ ಮುದ್ರೆ ಒತ್ತಿದರು. ಅದು ರಾಜಕೀಯ ತೀರ್ಮಾನ ಅಲ್ಲವೆಂದರೆ ರಾಜಕೀಯ ಎನ್ನಲು ಇನ್ನೇನು ಬೇಕೋ ನಾನರಿಯೆ.

ಮೆಮೊರಿಯದೂ ಒಂದು ಪಾಠವಿದೆ. 2003ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಆಪಲ್‌ನ 1,100 ಪವರ್ ಮ್ಯಾಕ್ ಜಿ5 ಯಂತ್ರಗಳನ್ನು ಸುಮಾರು 52 ಲಕ್ಷ ಡಾಲರ್ ವೆಚ್ಚದಲ್ಲಿ ಜೋಡಿಸಿ ಜಗತ್ತಿನ ಅತಿ ವೇಗದ ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯಲ್ಲಿ ಮೂರನೆಯ ಸ್ಥಾನ ಗಿಟ್ಟಿಸಿದಾಗ ಕ್ಲಸ್ಟರ್ ಪ್ರಿಯರೆಲ್ಲ ಹಬ್ಬ ಮಾಡಿದ್ದೆವು. ಆದರೆ ಆ ಯಂತ್ರಗಳಲ್ಲಿ ಬಿಟ್ ತಪ್ಪುಗಳನ್ನು ಹಿಡಿದು ತಿದ್ದುವ ಇಸಿಸಿ ಮೆಮೊರಿ ಇರಲಿಲ್ಲ. ದಿನಗಟ್ಟಲೆ ನಡೆಯುವ ಗಣನೆಯಲ್ಲಿ ಎಲ್ಲೋ ಒಂದು ಬಿಟ್ ಮಗುಚಿದರೆ ಬಂದ ಉತ್ತರವನ್ನು ನಂಬುವುದು ಹೇಗೆ? ಮರುವರ್ಷವೇ ಅಷ್ಟೂ ಯಂತ್ರಗಳ ಜಾಗಕ್ಕೆ ಇಸಿಸಿ ಇರುವ ಎಕ್ಸ್‌ಸರ್ವ್ ಎಂಬ ಆಪಲ್ ಸರ್ವರ್‌ಗಳು ಬಂದವು. ಈ ಮೆಮೊರಿಯ ಬೆಂಬಲವನ್ನು ಅಗ್ಗದ ಬೋರ್ಡ್‌ಗಳಿಂದ ದೂರವಿಟ್ಟು ದುಬಾರಿ ಸಾಲಿಗೆ ಮೀಸಲಿಡುವುದು ತಾಂತ್ರಿಕ ಅನಿವಾರ್ಯತೆಗಿಂತ ಹೆಚ್ಚಾಗಿ ವ್ಯಾಪಾರದ ಬೇಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಲಿಯ ಮಾತು ಬಂದಾಗ ಪ್ಲೇಸ್ಟೇಷನ್ 3 ಎಂಬ ವಿಡಿಯೋ ಗೇಮ್ ಪೆಟ್ಟಿಗೆಯ ಕಥೆಯನ್ನು ಬಿಡುವಂತಿಲ್ಲ. ಆಟಗಳ ಮಾರಾಟದಿಂದ ಲಾಭ ಬರುತ್ತದೆಂಬ ಲೆಕ್ಕದಲ್ಲಿ ಸೋನಿ ಅದನ್ನು ಮೊದಮೊದಲು ನಷ್ಟಕ್ಕೇ ಮಾರುತ್ತಿತ್ತು, ಅದರ ಮೇಲೆ ಲಿನಕ್ಸ್ ಹಾಕಿಕೊಳ್ಳಲು ಅವಕಾಶವನ್ನೂ ಕೊಟ್ಟಿತ್ತು. ಹೀಗಾಗಿ ಅಮೆರಿಕದ ವಾಯುಪಡೆ 1,760 ಪ್ಲೇಸ್ಟೇಷನ್‌ಗಳನ್ನು ಸೇರಿಸಿ ಸುಮಾರು 20 ಲಕ್ಷ ಡಾಲರ್‌ನಲ್ಲಿ ಕಾಂಡೋರ್ ಎಂಬ ಕ್ಲಸ್ಟರ್ ಕಟ್ಟಿತು. ಅದು ಉದ್ಘಾಟನೆಗೊಂಡ 2010ರಲ್ಲೇ, ಏಪ್ರಿಲ್ ತಿಂಗಳ ಒಂದು ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್‌ನಿಂದ ಸೋನಿ ಲಿನಕ್ಸ್‌ನ ಬಾಗಿಲು ಮುಚ್ಚಿತು. ಕೈಯಲ್ಲಿರುವ ಪೆಟ್ಟಿಗೆಗಳನ್ನು ಅಪ್‌ಡೇಟ್ ಮಾಡದೆ ಇಟ್ಟುಕೊಳ್ಳಬಹುದಿತ್ತು. ಕೆಟ್ಟುಹೋದವುಗಳ ಬದಲಿಗೆ ಹೊಸದನ್ನು ತಂದು ಕೂರಿಸುವ ದಾರಿ ಮಾತ್ರ ಇಲ್ಲವಾಯಿತು. ಜಗತ್ತಿನ ಅತಿ ಬಲಿಷ್ಠ ಸೇನೆಯ ಪಾಡೇ ಹೀಗಾದರೆ ನಮ್ಮಂಥವರ ಗತಿಯೇನು?

ಇನ್ನು ನೇರವಾಗಿ ಸರ್ಕಾರಗಳ ವಿಷಯಕ್ಕೆ ಬರೋಣ. 1980ರ ದಶಕದಲ್ಲಿ ಭಾರತಕ್ಕೆ ಸೂಪರ್‌ಕಂಪ್ಯೂಟರ್ ಮಾರಲು ಅಮೆರಿಕ ಮೀನಮೇಷ ಎಣಿಸಿದ್ದು, 1988ರಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿದ್ದು, 1991ರಲ್ಲಿ ಅದು ಕಟ್ಟಿದ ಸೂಪರ್‌ಕಂಪ್ಯೂಟರ್ ಪರಮ್ 8000 ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಚರ್ಚೆಗೆ ಬಾರದ ವಿಷಯವೆಂದರೆ, ಪರಮ್‌ನ ಒಳಗಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್ ರೂಪಿಸಿದ ಇನ್‌ಮಾಸ್ ಕಂಪನಿಯನ್ನು 1978ರಲ್ಲಿ ಸ್ಥಾಪಿಸಿದ್ದು ಬ್ರಿಟಿಷ್ ಸರ್ಕಾರದ ಹಣದಿಂದ. ಒಂದು ಸರ್ಕಾರದ ನಿರಾಕರಣೆಗೆ ಎರಡನೆಯ ಸರ್ಕಾರ ಉತ್ತರ ಹುಡುಕಿತು, ಆ ಉತ್ತರಕ್ಕೆ ಬೇಕಾದ ಚಿಪ್ ಮೂರನೆಯ ಸರ್ಕಾರದ ಬೊಕ್ಕಸದಿಂದ ಹುಟ್ಟಿತ್ತು. ಮುಕ್ತ ಮಾರುಕಟ್ಟೆಯ ಪವಾಡಗಳನ್ನು ಹೊಗಳುವವರು ಈ ಸರಪಣಿಯನ್ನು ಒಮ್ಮೆ ಮುಟ್ಟಿ ನೋಡಬೇಕು.

ಗಣನೆಯ ವೇಗಕ್ಕೆ ಒಂದು ಅಂಕಿಯನ್ನು ಗೊತ್ತುಮಾಡಿ, ಅದಕ್ಕಿಂತ ಮೇಲಿನದನ್ನು ಗಡಿ ದಾಟಿಸಬಾರದು ಎನ್ನುವ ಕಾನೂನಿಗೆ ಆಯಸ್ಸು ಕಡಿಮೆ. 1999ರಲ್ಲಿ ಆಪಲ್‌ನ ಪವರ್ ಮ್ಯಾಕ್ ಜಿ4 ಎಂಬ ಮೇಜಿನ ಕಂಪ್ಯೂಟರ್ ಅಮೆರಿಕದ ಇಂಥ ರಫ್ತು ನಿಯಮಕ್ಕೆ ಸಿಕ್ಕಿಕೊಂಡಿತು. ಕಂಪನಿ ಸುಮ್ಮನಿರಲಿಲ್ಲ, ಕಂಪ್ಯೂಟರಿನ ಸುತ್ತ ಟ್ಯಾಂಕುಗಳನ್ನು ನಿಲ್ಲಿಸಿ ಜಾಹೀರಾತು ಮಾಡಿತು. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಚೀನಾದ ಮೇಲೆ ಹೇರಿದ ನಿಯಮದಲ್ಲಿ ವೇಗದ ಜತೆಗೆ ಚಿಪ್‌ಗಳ ನಡುವಿನ ಸಂಪರ್ಕಕ್ಕೂ ಮಿತಿ ಇತ್ತು: ಸೆಕೆಂಡಿಗೆ 600 ಗಿಗಾಬೈಟ್. ಕ್ಲಸ್ಟರ್‌ನ ಜೀವ ಇರುವುದು ಜಾಲದಲ್ಲಿ ಎಂಬುದನ್ನು ಆ ನಿಯಮ ಬರೆದವರು ಅರಿತಿದ್ದರು ಎಂದು ಮೆಚ್ಚಿಕೊಳ್ಳಬೇಕು. ಆದರೆ ಅವರು ಚಾಪೆಯ ಕೆಳಗೆ ತೂರಿದರೆ ಎನ್‌ವಿಡಿಯಾ ರಂಗೋಲಿಯ ಕೆಳಗೆ ತೂರಿತು. ಎ100 ಚಿಪ್‌ನ ಸಂಪರ್ಕವನ್ನು 400 ಗಿಗಾಬೈಟ್‌ಗೆ ಇಳಿಸಿ ಎ800 ಎಂದು ಮಾರಿತು. ಮರುವರ್ಷ ಸಂಪರ್ಕದ ಮಾನದಂಡವನ್ನೇ ತೆಗೆದು ವೇಗದ ಲೆಕ್ಕವನ್ನು ಬಿಗಿ ಮಾಡಿದಾಗ, ಆಟವಾಡುವವರು ಕೊಳ್ಳುವ ಆರ್‌ಟಿಎಕ್ಸ್ 4090 ಕಾರ್ಡ್ ಸಹ ನಿಯಂತ್ರಣದ ಬಲೆಗೆ ಬಿತ್ತು. ಅದಕ್ಕೂ ತುಸು ವೇಗ ಕುಗ್ಗಿಸಿದ 4090 ಡಿ ಎಂಬ ರೂಪ ಸಿದ್ಧವಾಯಿತು. 2025ರ ಜನವರಿಯಲ್ಲಿ ಎಐ ಚಿಪ್‌ಗಳ ರಫ್ತಿಗಾಗಿ ಜಗತ್ತಿನ ದೇಶಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿದ ಹೊಸ ನಿಯಮವೊಂದು ಪ್ರಕಟವಾಗಿ, ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಹೊಸ ಆಡಳಿತ ಅದನ್ನು ಕೈಬಿಟ್ಟಿತು. ರಫ್ತು ನಿಯಂತ್ರಣವೇ ಬೇಡ ಎಂದು ನಾನು ವಾದಿಸುವುದಿಲ್ಲ. ಬಾಂಬಿನ ಲೆಕ್ಕಗಳು ಈ ಯಂತ್ರಗಳಲ್ಲಿ ನಡೆಯುತ್ತವೆ ಎಂಬುದು ಸುಳ್ಳಲ್ಲ. ಆದರೆ ನಿಯಮ ತಿಂಗಳಿಗೊಮ್ಮೆ ಮಗ್ಗುಲು ಬದಲಿಸಿದಾಗ ವಕೀಲರನ್ನೂ ದಾಸ್ತಾನನ್ನೂ ಇಟ್ಟುಕೊಂಡ ದೊಡ್ಡ ಸಂಸ್ಥೆಗಳು ಹೇಗೋ ನಿಭಾಯಿಸುತ್ತವೆ. ಅಂಕೆಯಿಲ್ಲದೆ ಏರುವ ಬೆಲೆಯ ಮುಂದೆ ಕೈಕಟ್ಟಿ ನಿಲ್ಲಬೇಕಾದವರು ಶ್ರೇಣಿಯ ಮಧ್ಯದಲ್ಲಿ ಸಿಕ್ಕಿಕೊಂಡ ದೇಶಗಳ ಸಣ್ಣ ಕಾಲೇಜುಗಳು ಮತ್ತು ವಿದ್ಯಾರ್ಥಿಗಳು.

ಪೆಂಟಿಯಂ ಪ್ರೊ ಕಾಲದ ಕೊಂಡಿ ಕಳಚುತ್ತಿದೆ ಎಂದೆ. ಆಗ ಮೇಜಿನ ಕಂಪ್ಯೂಟರಿಗೆಂದು ತಯಾರಾದದ್ದು ದೈತ್ಯ ಯಂತ್ರಕ್ಕೆ ಹೋಗುತ್ತಿತ್ತು. ಈಗ ಡೇಟಾ ಸೆಂಟರ್‌ಗೆ ಬೇಕಾದದ್ದು ಮೊದಲು ತಯಾರಾಗುತ್ತದೆ, ಉಳಿದ ಸಾಮರ್ಥ್ಯ ಮಾತ್ರ ನಮಗೆ. ಡಿರ‍್ಯಾಮ್ ಮೆಮೊರಿಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರೇ ಕಂಪನಿಗಳಿಂದ ಬರುತ್ತದೆ. ಎಐ ಚಿಪ್‌ಗಳ ಪಕ್ಕದಲ್ಲಿ ಕೂರುವ ಎಚ್‌ಬಿಎಂ ಮೆಮೊರಿ ಅಷ್ಟೇ ಗಿಗಾಬೈಟ್‌ಗೆ ಸಾಮಾನ್ಯ ಮೆಮೊರಿಗಿಂತ ಹೆಚ್ಚು ಸಿಲಿಕಾನ್ ನುಂಗುತ್ತದೆ, ಲಾಭವನ್ನೂ ಹೆಚ್ಚು ಕೊಡುತ್ತದೆ. ಹೀಗಿರುವಾಗ 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಘೋಷಿಸಿದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಇದೇ ಮೈಕ್ರಾನ್ ಸೇರಿದಂತೆ ಹಲವು ಕಂಪನಿಗಳಿಗೆ ಅಮೆರಿಕದ 2022ರ ಚಿಪ್ಸ್ ಕಾಯ್ದೆಯಡಿ ಸಾರ್ವಜನಿಕ ಹಣದ ನೆರವು ಗೊತ್ತಾಗಿದೆ. ತೆರಿಗೆದಾರನ ಹಣ ಪಡೆಯುವವರು ಸಾಮಾನ್ಯ ಕೊಳ್ಳುಗನಿಗಾಗಿ ಉತ್ಪಾದನೆಯ ಒಂದಿಷ್ಟು ಪಾಲನ್ನು ಮೀಸಲಿಡಬೇಕೆಂಬ ಷರತ್ತು ಯಾವ ದೇಶದ ಸಬ್ಸಿಡಿ ಚರ್ಚೆಯಲ್ಲೂ ಮುಖ್ಯ ವಿಷಯವಾದದ್ದನ್ನು ನಾನು ಕಂಡಿಲ್ಲ. ಎಡಪಕ್ಷವಾಗಲಿ ಬಲಪಕ್ಷವಾಗಲಿ, ಕಾರ್ಖಾನೆಯ ಶಂಕುಸ್ಥಾಪನೆಗೆ ತೋರುವ ಉತ್ಸಾಹವನ್ನು ಇದಕ್ಕೆ ತೋರುವುದಿಲ್ಲ.

ನಿವೃತ್ತ ಯಂತ್ರಗಳ ಬಗ್ಗೆಯೂ ಇಂಥದೇ ಒಂದು ಷರತ್ತು ಬೇಕು. ಅಮೆರಿಕದ ಹವಾಮಾನ ಸಂಶೋಧನೆಗೆ ದುಡಿದ ಷೆಯೆನ್ ಎಂಬ ಸೂಪರ್‌ಕಂಪ್ಯೂಟರನ್ನು 2024ರಲ್ಲಿ ಅಲ್ಲಿನ ಸರ್ಕಾರ ಬಹಿರಂಗವಾಗಿ ಹರಾಜು ಹಾಕಿದಾಗ ಅದು 4,80,085 ಡಾಲರ್‌ಗೆ ಹೋಯಿತು. ತಂಪು ನೀರಿನ ಕೊಳವೆಗಳ ಜೋಡಣೆ ಸೋರುತ್ತಿರುವುದನ್ನೂ, ನೂರರಲ್ಲಿ ಸುಮಾರು ಒಂದು ನೋಡ್ ಕೆಟ್ಟಿರುವುದನ್ನೂ, ನೆಟ್‌ವರ್ಕ್ ತಂತಿಗಳನ್ನು ಕೊಡುವುದಿಲ್ಲ ಎಂಬುದನ್ನೂ ಹರಾಜಿನ ಪ್ರಕಟಣೆ ಮುಚ್ಚುಮರೆಯಿಲ್ಲದೆ ಹೇಳಿತ್ತು. ಅದರಲ್ಲಿದ್ದ 8,064 ಜಿಯಾನ್ ಪ್ರೊಸೆಸರ್‌ಗಳು ಸರ್ವರ್ ಬೋರ್ಡ್‌ಗಳ ಸಾಮಾನ್ಯ ಸಾಕೆಟ್‌ನಲ್ಲಿ ಕೂರುವಂಥವು, ಆದ್ದರಿಂದ ಬಿಡಿಬಿಡಿಯಾಗಿಯೂ ಯಾರದಾದರೂ ಕೈ ಸೇರಿ ಇನ್ನಷ್ಟು ವರ್ಷ ದುಡಿಯಬಲ್ಲವು. ಇಂದು ಕೊಳ್ಳುತ್ತಿರುವ ಎಐ ಯಂತ್ರಗಳ ಚಿಪ್‌ಗಳು ಹಾಗಲ್ಲ. ಅವು ಹೆಚ್ಚಾಗಿ ಬರುವುದು ಆ ತಯಾರಕನದೇ ಬೋರ್ಡ್‌ಗೆ ಮಾತ್ರ ಹೊಂದುವ ಮಾಡ್ಯೂಲ್‌ಗಳಾಗಿ, ಅದೇ ತಯಾರಕನ ಸಹಿಯಿರುವ ಫರ್ಮ್‌ವೇರ್‌ನೊಂದಿಗೆ. ಸಾರ್ವಜನಿಕ ಹಣದಲ್ಲಿ ಇಂಥ ಯಂತ್ರ ಕೊಳ್ಳುವ ಯಾವುದೇ ದೇಶದ ಟೆಂಡರಿನಲ್ಲಿ, ಅದರ ಸೇವಾವಧಿ ಮುಗಿದ ದಿನ ಮಾಡ್ಯೂಲಿನ ವಿದ್ಯುತ್ ಮತ್ತು ಸಂಪರ್ಕ ಪಿನ್ನುಗಳ ವಿವರ, ಫರ್ಮ್‌ವೇರ್‌ನ ಬೀಗ ತೆಗೆಯುವ ವಿಧಾನ ಎರಡನ್ನೂ ಮಾರಾಟಗಾರ ಪ್ರಕಟಿಸಬೇಕು ಎಂಬ ಒಂದು ಸಾಲು ಸೇರಲಿ. ಟೆಂಡರಿನ ಕರಡು ಸಾರ್ವಜನಿಕ ಆಕ್ಷೇಪಣೆಗೆ ಬಂದಾಗ ಈ ಸಾಲನ್ನು ನಾನಂತೂ ಬರೆದು ಕಳುಹಿಸುತ್ತೇನೆ. ರಾಜಕೀಯ ಬೇಡವೆನ್ನುವ ಗೆಳೆಯರೂ ಅದಕ್ಕೆ ಸಹಿ ಹಾಕಿದರೆ ಸಂತೋಷ.