ರಸೀದಿ ಪುಸ್ತಕ ಹಿಡಿದು ಎಷ್ಟು ದಿನ ಓಡಾಡೋದು?

ಹೋದ ವಾರ ಮೂರು ದಿನ ಸಂಜೆ ಹಾಸನದ ಬಿ.ಎಂ. ರಸ್ತೆಯಲ್ಲಿ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತಿದೆ. ನಮ್ಮೂರಲ್ಲಿ ಪೌರಾಣಿಕ ನಾಟಕ ಆಡುತ್ತಿದ್ದೇವೆ. ಒಂದು ಹಾರ್ಡ್‌ವೇರ್ ಅಂಗಡಿಯ ಯಜಮಾನರು ನನ್ನ ಮುಖ ನೋಡಿದ ಕೂಡಲೇ "ಎಷ್ಟು ಬರೀಲಪ್ಪ?" ಅಂದರು. ಐನೂರು ರೂಪಾಯಿ ಕೊಟ್ಟರು, ಕಾಫಿಯನ್ನೂ ಕುಡಿಸಿದರು. ಯಾವ ನಾಟಕ, ಯಾವತ್ತು ಅಂತ ಮಾತ್ರ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಂದಿನ ಅಂಗಡಿಗೆ ಹೋಗುವ ಆತುರ ನನಗೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಅವರು ಕೊಟ್ಟರು, ನಾವು ಇಸ್ಕೊಂಡೆವು, ಸಂಬಂಧ ಅಲ್ಲಿಗೇ ಮುಗಿಯಿತು.

ನಮ್ಮ ಕಡೆ ನಾಟಕದ ಲೆಕ್ಕ ಗೊತ್ತಿರುವವರಿಗೆ ಗೊತ್ತು. ಪಾರ್ಟು ಮಾಡುವವರೇ ಕೈಯಿಂದ ದುಡ್ಡು ಹಾಕಬೇಕು. ದುರ್ಯೋಧನ, ಕೃಷ್ಣನ ಪಾರ್ಟಿಗೆ ಜಾಸ್ತಿ, ಸಣ್ಣ ಪಾರ್ಟಿಗೆ ಕಡಿಮೆ. ನಾಟಕದ ಮೇಷ್ಟ್ರಿಗೆ, ಹಾರ್ಮೋನಿಯಂನವರಿಗೆ, ಸೀನರಿಗೆ, ಡ್ರೆಸ್ಸಿಗೆ, ಮೈಕಿಗೆ ಎಲ್ಲಾ ಅದರಲ್ಲೇ ಆಗಬೇಕು. ಬೆಳಿಗ್ಗೆ ಗಾರೆ ಕೆಲಸಕ್ಕೆ ಹೋಗುವ ಹುಡುಗ ಭೀಮನ ಪಾರ್ಟಿಗಾಗಿ ಸಾಲ ಮಾಡುವುದನ್ನು ನಾನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಬ್ರಿಟನ್ನಿನಲ್ಲಿ ಕಲೆಗೆ ವ್ಯಾಪಾರದವರ ನೆರವು ಕೊಡಿಸುವುದಕ್ಕೆ ಅಂತಲೇ ಒಂದು ಸಂಸ್ಥೆ ಹುಟ್ಟಿಕೊಂಡಿತ್ತು. 1976ರಲ್ಲಿ ಶುರುವಾಯಿತು, ಆಮೇಲೆ 'ಆರ್ಟ್ಸ್ ಅಂಡ್ ಬಿಸಿನೆಸ್' ಅಂತ ಹೆಸರಾಯಿತು. ವ್ಯಾಪಾರದವರನ್ನೂ ಕಲಾವಿದರನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದೇ ಅದರ ಕೆಲಸವಾಗಿತ್ತು. 1984ರಲ್ಲಿ ಅಲ್ಲಿನ ಸರ್ಕಾರ ಒಂದು ಯೋಜನೆ ತಂದು ಅದನ್ನು ನಡೆಸುವ ಹೊಣೆಯನ್ನು ಈ ಸಂಸ್ಥೆಗೇ ಕೊಟ್ಟಿತು. ಮೊದಲ ಸಲ ಕಲೆಗೆ ದುಡ್ಡು ಕೊಡುವ ಕಂಪನಿಯ ಹಣಕ್ಕೆ ಸರ್ಕಾರವೂ ತನ್ನ ಪಾಲು ಸೇರಿಸುತ್ತಿತ್ತು. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು. ಕಂಪನಿಯಲ್ಲಿ ಲೆಕ್ಕ, ಕಾನೂನು, ಪ್ರಚಾರ ನೋಡಿಕೊಳ್ಳುವವರನ್ನು ಕಲಾ ತಂಡಗಳ ಜೊತೆ ಜೋಡಿಸುತ್ತಿದ್ದರು. ದುಡ್ಡಿನ ಬದಲು ಅವರು ಕೊಡುತ್ತಿದ್ದುದು ತಮ್ಮ ಸಮಯ ಮತ್ತು ತಿಳಿವಳಿಕೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಅನ್ನುವುದು. ಆ ಕೆಲಸಗಳ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಲೆಗಳು ಇವೆ. ಕಂಪನಿ ಇರುವ ಜಾಗದ ಸುತ್ತಮುತ್ತ ಮೊದಲು ಕೊಡಿ ಅಂತಲೂ ಇದೆ. ಆದರೆ ಆ ಹಣ ಪಡೆಯುವ ಸಂಸ್ಥೆ ನೋಂದಣಿ ಆಗಿರಬೇಕು, ಆದಾಯ ತೆರಿಗೆಯ 12ಎ, 80ಜಿ ಮಾನ್ಯತೆ ಇರಬೇಕು, ಸರ್ಕಾರಕ್ಕೆ ಸಿಎಸ್‌ಆರ್-1 ಅರ್ಜಿ ಹಾಕಿರಬೇಕು, ಅದೇ ಥರದ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. ಅರಸೀಕೆರೆ ಕಡೆಯ ಮೂಡಲಪಾಯ ಯಕ್ಷಗಾನ ಮೇಳವೋ ಕಡೂರಿನ ವೀರಗಾಸೆ ತಂಡವೋ ಇದನ್ನೆಲ್ಲ ಎಲ್ಲಿಂದ ತರಬೇಕು, ಹೇಳಿ?

ಎರಡು ವರ್ಷದ ಹಿಂದೆ ಒಂದು ಕಂಪನಿಯ ಅಧಿಕಾರಿ ನಮಗೆ ದುಡ್ಡು ಕೊಡುವುದಕ್ಕೆ ಬಾಯಿಮಾತಲ್ಲಿ ಒಪ್ಪಿದ್ದರು. ನಾವು ಬ್ಯಾನರ್ ಕೂಡ ಹಾಕಿಸಿದೆವು. ಅಷ್ಟರಲ್ಲಿ ಅವರಿಗೆ ವರ್ಗವಾಯಿತು, ಹೊಸಬರಿಗೆ ವಿಷಯವೇ ಗೊತ್ತಿಲ್ಲ. ಕಾಗದದಲ್ಲಿ ಏನೂ ಇರಲಿಲ್ಲ. ತಪ್ಪು ನಮ್ಮದೂ ಇದೆ. ಆಮೇಲೆ ತಿಳಿಯಿತು, ತಮ್ಮ ಸರಕಿನ ಪ್ರಚಾರಕ್ಕೆ ಅಂತ ಪ್ರಾಯೋಜನೆ ಮಾಡಿದರೆ ಅದು ಸಿಎಸ್‌ಆರ್ ಲೆಕ್ಕಕ್ಕೇ ಬರುವುದಿಲ್ಲವಂತೆ. ನಾವು ಬ್ಯಾನರಿನಲ್ಲಿ ಹೆಸರು ಹಾಕುತ್ತೇವೆ ಅಂತಲೇ ಕೇಳುತ್ತಾ ಬಂದಿದ್ದೆವು!

ಅದಕ್ಕೇ ನಾನು ಹೇಳುವುದು, ನಡುವೆ ನಿಲ್ಲುವ ಒಂದು ಟ್ರಸ್ಟ್ ಬೇಕು. ಜಿಲ್ಲೆಗೆ ಒಂದೇ ಸಾಕು. ಕಾಗದಪತ್ರ, ಆಡಿಟ್ ಅದು ನೋಡಿಕೊಳ್ಳಲಿ. ಹತ್ತಾರು ತಂಡಗಳು ಅದರ ಕೆಳಗೆ ಬರಲಿ.

ಊರಿನ ವರ್ತಕರು ಕಲೆಗೆ ಕೈಹಾಕುವುದು ನಮಗೆ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಕಟ್ಟುವಾಗ ಅಧಿಕಾರಿ ಕೇತಮಲ್ಲ ಮುಂದೆ ನಿಂತ, ದೋರಸಮುದ್ರದ (ಹಳೇಬೀಡಿನ ಆಗಿನ ಹೆಸರು) ಹಣವಂತರು ದುಡ್ಡು ಹಾಕಿದರು. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪದ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. 2023ರಲ್ಲಿ ಈ ದೇವಾಲಯಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಾವೆಲ್ಲ ಖುಷಿಪಟ್ಟೆವು, ಅಲ್ವಾ? ಈಗ ಅದೇ ಊರುಗಳ ಪಕ್ಕದಲ್ಲಿ ಗಾರ್ಮೆಂಟ್ಸ್ ಇದೆ, ಕಾಫಿ ಕ್ಯೂರಿಂಗ್ ಇದೆ, ರೆಸಾರ್ಟ್‌ಗಳಿವೆ. ಚಿಕ್ಕಮಗಳೂರಿನ ರೆಸಾರ್ಟಿಗೆ ಬಂದವರು ಸಂಜೆ ಸುಮ್ನೆ ಕೂತಿರುತ್ತಾರೆ. ಸರಿಯಾದ ಸಂಭಾವನೆ ಕೊಟ್ಟು ಸುಗ್ಗಿ ಕುಣಿತದವರನ್ನು ಕರೆಯಬಹುದಲ್ಲ. ಊಟ ಹಾಕಿ ಕಳಿಸುವುದು ಸಂಭಾವನೆ ಅಲ್ಲ.

ಈ ಭಾನುವಾರ ನಾವು ಏಳೆಂಟು ಜನ ಟ್ರಸ್ಟ್ ಡೀಡ್ ಬರೆಯುವುದಕ್ಕೆ ಕೂರುತ್ತಿದ್ದೇವೆ. ಟ್ರಸ್ಟಿಗೆ ಅಂತ ಸದ್ಯ ಯಾರ ಹತ್ತಿರವೂ ಚಂದಾ ಕೇಳುತ್ತಿಲ್ಲ. ತಿಂಗಳಿಗೆ ಎರಡು ಗಂಟೆ ಕೊಡುವ ಒಬ್ಬ ಆಡಿಟರ್ ಬೇಕು. ಸೀನರಿ, ಡ್ರೆಸ್ ಇಡುವುದಕ್ಕೆ ಮಳೆ ಸೋರದ ಗೋಡೌನಿನ ಒಂದು ಮೂಲೆ ಬೇಕು. ಇದ್ದವರು ದಯವಿಟ್ಟು ಮೆಸೇಜ್ ಮಾಡಿ. ಹಾರ್ಡ್‌ವೇರ್ ಅಂಗಡಿಯ ಯಜಮಾನರ ಹತ್ತಿರ ನಾಳೆ ಮತ್ತೆ ಹೋಗುತ್ತೇನೆ, ನಾಟಕದ ತಾರೀಖು ಹೇಳುವುದಕ್ಕೆ.