ಹನುಮಪ್ಪನಿಂದ ನೂರು ಮೀಟರ್

ನನ್ನ ಸೋದರಳಿಯ ವಿಜಯಪುರದಲ್ಲಿ ಖಾನಾವಳಿ ನಡೆಸುತ್ತಾನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಉಂಡವರು ಹೊಗಳಿಯೇ ಏಳುತ್ತಾರೆ. ಹೊಗಳಿಕೆಯಿಂದ ಬ್ಯಾಂಕಿನ ಸಾಲ ತೀರುವುದಿಲ್ಲ. ‘ಮಾಮಾ, ಬಾರ್ ತೆಗೆಯುತ್ತೇನೆ’ ಎಂದು ಕಳೆದ ವರ್ಷ ಬಂದು ನಿಂತ. ನಾನು ಬೇಡವೆನ್ನಲಿಲ್ಲ. ಈ ಜಿಲ್ಲೆಯ ದ್ರಾಕ್ಷಿ, ಪಕ್ಕದ ಬಾಗಲಕೋಟೆ ಮತ್ತು ಬೆಳಗಾವಿಯ ಕಬ್ಬು, ಮದ್ಯ ಬಟ್ಟಿ ಇಳಿಸಲು ಹೋಗುವ ಆ ಕಬ್ಬಿನ ಕಾಕಂಬಿ ಎಲ್ಲವೂ ನಮ್ಮ ಸೀಮೆಯದೇ ಆಗಿರುವಾಗ ಗಲ್ಲಾಪೆಟ್ಟಿಗೆ ಮಾತ್ರ ಇನ್ನೊಬ್ಬರದು ಯಾಕಾಗಬೇಕು?

ಅಬಕಾರಿ ಭಾಷೆಯಲ್ಲಿ ಪರವಾನಗಿಗೆ ಸನ್ನದು ಎನ್ನುತ್ತಾರೆ. ಆದಿಲಶಾಹಿ ದರ್ಬಾರಿನಿಂದ ನೇರವಾಗಿ ಇಳಿದು ಬಂದಂಥ ಪದ. ಸಿಗುವುದೂ ಬಾದಶಹನ ಕೃಪೆಯಿದ್ದರೆ ಮಾತ್ರ. ಮದ್ಯದ ಚಿಲ್ಲರೆ ಅಂಗಡಿಗೆ ಸಿಎಲ್-2 ಎಂಬ ಸನ್ನದು, ಬಾರಿಗೆ ಸಿಎಲ್-9. ಇವೆರಡನ್ನೂ ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತ್ತು. ಅಳಿಯ ಹುಟ್ಟಿದ್ದು 1994ರಲ್ಲಿ. ಅವನು ಭೂಮಿಗೆ ಬರುವ ಮೊದಲೇ ಅರ್ಜಿ ಹಾಕಬೇಕಿತ್ತು, ಹಾಕಲಿಲ್ಲ, ತಪ್ಪು ಅವನದೇ. ಇದ್ದವರಿಂದ ಕೊಳ್ಳೋಣವೆಂದು ಹಳೆಯ ಸನ್ನದೊಂದರ ಬೆಲೆ ಕೇಳಿದ. ಕುಡಿಯುವ ಮೊದಲೇ ಅಮಲು ಇಳಿಯಿತು. 2025ರಲ್ಲಿ ಸರ್ಕಾರ ಹರಾಜಿನ ಮಾತೆತ್ತಿತು. ಹರಾಜೆಂದರೆ ನಮ್ಮಂಥವರು ದೂರ ನಿಂತು ನೋಡುವ ತೇರು.

ಉಳಿದದ್ದು ಸಿಎಲ್-7. ಇದು ಹೋಟೆಲು ಮತ್ತು ವಸತಿಗೃಹದ ಸನ್ನದು. ಮಲಗಲು ಕೋಣೆ ಕಟ್ಟಿದವನಿಗೆ ಕುಡಿಸಲು ಅನುಮತಿ. ಕುಡಿದವನು ಎಲ್ಲಿ ಬಿದ್ದಾನು ಎಂದು ಮೊದಲೇ ಯೋಚಿಸಿ ಮಂಚ ಹಾಕಿಸುವ ಇಂಥ ಮುಂದಾಲೋಚನೆ ತಾಯಿಗೂ ಇರಲಾರದು. ಅಳಿಯ ಖಾನಾವಳಿಯ ಮೇಲೆ ಕೋಣೆ ಎಬ್ಬಿಸಿದ. ಪರಿಶೀಲನೆಯ ದಿನ ಗಾದಿಗಳು ಶಾಮಿಯಾನದವರಲ್ಲಿಂದ ಬಾಡಿಗೆಗೆ ಬಂದವು. ಪ್ರತಿ ದಿಂಬಿನ ಮೇಲೂ ‘ಶುಭವಿವಾಹ’ ಎಂದು ಕಸೂತಿ. ಬಂದ ಸಾಹೇಬರು ಒಂದು ದಿಂಬನ್ನು ಎತ್ತಿ ನೋಡಿದರು, ಓದಿದರು, ಮೆಲ್ಲಗೆ ಮಗುಚಿಟ್ಟರು. ಸೌಜನ್ಯ ಎಂದರೆ ಅದು.

ಆಮೇಲೆ ಟೇಪು ಹೊರಬಂತು. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಿಂದ ಮದ್ಯದ ಅಂಗಡಿ 100 ಮೀಟರ್ ದೂರವಿರಬೇಕು. ಹೆಜ್ಜೆಗೊಂದು ಗುಡಿ, ದರ್ಗಾ, ಮಸೀದಿ ಇರುವ ವಿಜಯಪುರದಲ್ಲಿ ಈ ನಿಯಮಕ್ಕೆ ಒಪ್ಪುವ ಜಾಗ ಆಕಾಶದಲ್ಲೇ ಹುಡುಕಬೇಕು. ಅಳತೆಗೂ ಒಂದು ಶಾಸ್ತ್ರವಿದೆ: ಅಂಗಡಿಯ ಬಾಗಿಲಿನ ನಟ್ಟನಡುವಿನಿಂದ ಹೊರಟು, ಪಾದಚಾರಿ ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿ ಹಿಡಿದು, ಶಾಲೆಯ ಗೇಟಿನ ನಟ್ಟನಡುವಿಗೆ ಮುಟ್ಟಬೇಕು. (ಕುಡಿದು ಹೊರಬಿದ್ದ ಪಾದಚಾರಿಯ ದಾರಿ ಹಿಡಿದು ಅಳೆದಿದ್ದರೆ ರಾಜ್ಯದ ಯಾವ ಬಾರೂ ಶಾಲೆಗೆ ಒಂದು ಕಿಲೋಮೀಟರಿಗಿಂತ ಹತ್ತಿರ ಇರುತ್ತಿರಲಿಲ್ಲ.) ನಮ್ಮದು 97 ಮೀಟರ್ ಬಂತು. ಅಳಿಯ ಮುಂಬಾಗಿಲು ಮುಚ್ಚಿಸಿ ಹಿತ್ತಲಿಗೆ ಬಾಗಿಲು ಒಡೆಸಿದ. 104 ಆಯಿತು. ಮಕ್ಕಳ ಭವಿಷ್ಯ ಏಳು ಮೀಟರಿನಷ್ಟು ಸುಧಾರಿಸಿತು.

ಹಿತ್ತಲಲ್ಲಿ ಬೇವಿನ ಮರ, ಮರದ ಬುಡದಲ್ಲಿ ಮೊಳದುದ್ದದ ಹನುಮಪ್ಪ. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: ‘ಈತನದು ಟ್ರಸ್ಟ್ ನೋಂದಣಿ ಆಗಿದೆಯೇ?’ ನಾವು ಮೂವರೂ ಹನುಮಪ್ಪನನ್ನೇ ನೋಡಿದೆವು. ಮೈಗೆ ಸಿಂಧೂರ, ಹೆಗಲಿಗೆ ಗದೆ, ಕಾಗದಪತ್ರದ ಸುಳಿವಿಲ್ಲ. ನೋಂದಣಿ ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅವನು ದೇವರಲ್ಲ, ಬರೀ ಕಲ್ಲು. ಇದ್ದರೆ ದೇವರು, ಬಾರಿಲ್ಲ. ಕಡತ ಅಲ್ಲಿಗೆ ನಿಂತಿದೆ. ಗೋಲಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮಾರ್ದನಿ ಎನ್ನುತ್ತಾರೆ. ಆ ಕಚೇರಿಯ ‘ನಾಳೆ ಬನ್ನಿ’ ಇಪ್ಪತ್ತನ್ನು ದಾಟಿತು.

ಸರ್ಕಾರಕ್ಕೆ ಮದ್ಯ ಬೇಡವಾಗಿದೆ ಎಂದು ಮಾತ್ರ ಯಾರೂ ತಿಳಿಯಬಾರದು. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ, ಅದಕ್ಕಾಗಿ ಮದ್ಯಪಾನ ಸಂಯಮ ಮಂಡಳಿ ಇದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿಯೂ ಇತ್ತು. ಒಂದು ಕೈ ಲೋಟ ಕಸಿಯುತ್ತದೆ, ಇನ್ನೊಂದು ಕೈ ಸುರಿಯುತ್ತದೆ. ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಕ್ಕಳಿಗೆ ನೋಟ್‌ಬುಕ್ ಮಾರುತ್ತದೆ, ಅಪ್ಪಂದಿರಿಗೆ ಬಾಟಲಿ ಮಾರುತ್ತದೆ. ಎರಡಕ್ಕೂ ದುಡ್ಡು ಸಾಲದಿದ್ದರೆ ಚೀಟಿ ಹಾಕಲೂ ಅಲ್ಲೇ ಅನುಕೂಲವಿದೆ.

ಮೊನ್ನೆ ಅಳಿಯನ ಜೊತೆ ನಮ್ಮ ಹಳ್ಳಿಗೆ ಹೋಗಿದ್ದೆ. ಶಾಲೆಯ ಗೋಡೆಗೆ ಬೆನ್ನು ಕೊಟ್ಟೇ ಇರುವ ಕಿರಾಣಿ ಅಂಗಡಿಯಲ್ಲಿ, ಚುರುಮುರಿ ಚೀಲದ ಹಿಂದಿನಿಂದ 90 ಎಂಎಲ್ ಪ್ಯಾಕೆಟ್‌ಗಳು ಒಂದೊಂದಾಗಿ ಹೊರಬರುತ್ತಿದ್ದವು. ಟೇಪಿಲ್ಲ, ಗಾದಿಯಿಲ್ಲ, ದಿಂಬಿಲ್ಲ. ಅಳಿಯನಿಗೆ ತಡೆಯಲಾಗಲಿಲ್ಲ.

‘ಕಾಕೂ, ನಿಮ್ಮಲ್ಲಿ ಲೈಸೆನ್ಸ್ ಇದೆಯೇ?’

ಮುದುಕಿ ಚೀಲದ ಹಿಂದೆ ಕೈಯಾಡಿಸಿ ತಡಕಾಡಿದಳು.

‘ಆ ಕಂಪನಿಯದು ಇನ್ನೂ ಬಂದಿಲ್ಲಪ್ಪಾ. ಬೇರೆ ಕೊಡಲೇ?’